ತಾವರೆಯ ಬೀಜ ಬಿತ್ತಬೇಕೆ?

ತಾವರೆಯನ್ನು ಯಾರಾದರೂ ಬಿತ್ತಿ ಬೆಳೆಯುವುದುಂಟೆ? ಕಳೆದ ವರ್ಷ ನಾನು ನ್ಯಾಮತಿಯ ಗ್ರಂಥಿಗೆ ಅಂಗಡಿಯಿಂದ ಹತ್ತು ಬೀಜ ಕೊಂಡು ಮನೆಗೆ ಹೋದಾಗ ನಮ್ಮಪ್ಪ ಕೇಳಿದ್ದೂ ಇದೇ ಪ್ರಶ್ನೆ: "ಕೆರೆಯಾಗೆ ತಾನಾಗೇ ಬರೋ ಹೂವಿಗೆ ಬಿತ್ತನೆ ಯಾಕಲೇ?"

ಬಿತ್ತಬೇಕೆಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ತಾವರೆಯ ಬೀಜ ಕಲ್ಲಿನಂತೆ ಗಟ್ಟಿ. ಅದರ ಸಿಪ್ಪೆಯೊಳಗೆ ನೀರು ಸುಲಭವಾಗಿ ಇಳಿಯದು. ಆ ಸಿಪ್ಪೆಯೇ ಬೀಜಕ್ಕೆ ರಕ್ಷೆ. 1951ರಲ್ಲಿ ಜಪಾನಿನ ಚಿಬಾದಲ್ಲಿ ಇಚಿರೊ ಓಗಾ ಎಂಬ ಸಸ್ಯವಿಜ್ಞಾನಿ ನೆಲದಡಿಯಿಂದ ತೆಗೆಸಿದ, ಸುಮಾರು 2000 ವರ್ಷ ಹಳೆಯದೆಂದು ಎಣಿಸಲಾದ ಬೀಜವೊಂದು ಮೊಳೆತು 1952ರಲ್ಲಿ ಹೂ ಬಿಟ್ಟಿತು. ಇದನ್ನು ಪುಸ್ತಕದಲ್ಲಿ ಓದಿದ್ದ ನಾನು ಹತ್ತೂ ಬೀಜಗಳನ್ನು ಲೋಟದ ನೀರಿಗೆ ಹಾಕಿ ಕಾದೆ. ತಿಂಗಳಾಯಿತು, ನೀರು ನಾರಿತೇ ಹೊರತು ಮೊಳಕೆ ಬರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮಪ್ಪ ಒಂದು ದಿನ ಕುಡುಗೋಲು ಮಸೆಯುತ್ತಿದ್ದವರು ಒಂದು ಬೀಜ ಕೈಗೆತ್ತಿಕೊಂಡು, ಸಾಣೆಕಲ್ಲಿಗೆ ಒಂದು ತುದಿಯನ್ನು ಒಳಗಿನ ಬಿಳುಪು ಕಾಣುವವರೆಗೆ ಉಜ್ಜಿಕೊಟ್ಟರು. ಮರುದಿನವೇ ಬೀಜ ಉಬ್ಬಿತು. ಐದನೆಯ ದಿನ ಹಸಿರು ಮೊಳಕೆ! ಉಳಿದವನ್ನೂ ಹಾಗೆಯೇ ಉಜ್ಜಿದೆವು. ಆರು ಮೊಳೆತವು, ಮೂರು ಉಳಿದವು.

ವಿಧಾನವು ಸರಳ. ನೀರನ್ನು ದಿನವೂ ಬದಲಿಸಬೇಕು. ಮೂರು ನಾಲ್ಕು ಎಲೆಯೂ ಬೇರೂ ಬಂದಮೇಲೆ ಕೆರೆಗೋಡಿನ ಜೇಡಿಮಣ್ಣು ತುಂಬಿದ ತೊಟ್ಟಿಯಲ್ಲಿ ನೆಟ್ಟು, ಮೇಲೆ ಮೂರು ನಾಲ್ಕು ಅಂಗುಲ ನೀರು ನಿಲ್ಲಿಸಿ, ಗಿಡ ಬೆಳೆದಂತೆ ಹೆಚ್ಚಿಸಬೇಕು. ಹಗುರವಾದ ಗೊಬ್ಬರ ತೇಲಿಹೋಗುತ್ತದೆ. ಚೆನ್ನಾಗಿ ಬಿಸಿಲು ಬೀಳಬೇಕು. ಸೊಳ್ಳೆಯ ಭಯವಿದ್ದರೆ ನಾಲ್ಕು ಗಪ್ಪಿ ಮೀನು ಬಿಟ್ಟರಾಯಿತು.

"ಗೆಡ್ಡೆ ತಂದು ನೆಟ್ಟರೆ ಬೇಗ ಹೂವಾಗುತ್ತದಲ್ಲ?" ಎನ್ನುತ್ತಾರೆ ಗೆಳೆಯರು. ನಿಜ. ಬೀಜದ ಗಿಡ ಹೂ ಬಿಡಲು ಒಂದೆರಡು ವರ್ಷವಾದರೂ ಬೇಕು. ಅದು ತಾಯಿಗಿಡದ ಬಣ್ಣವನ್ನೇ ಕೊಡುತ್ತದೆಂಬ ಭರವಸೆಯೂ ಇಲ್ಲ. ಆದರೆ ಗೆಡ್ಡೆ ಕೊಡುವುದು ಅದೇ ಹಳೆಯ ಗಿಡವನ್ನು. ಬೀಜ ಕೊಡುವುದು ಹಿಂದೆ ಯಾರೂ ಕಾಣದ ಹೊಸ ಗಿಡವನ್ನು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬಂದ ನನಗೆ ಇದರಲ್ಲಿ ವಿಶೇಷ ಅಭಿಮಾನವಿದ್ದರೆ ವಾಚಕರು ಕ್ಷಮಿಸಬೇಕು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗುರುತರವಾದುದು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದನ್ನು ಮರೆತವರಿಲ್ಲ. ಮೆಕ್ಕೆಜೋಳ ಒಣಗುವ ಸೀಮೆಯಲ್ಲಿ ಹೂವಿಗೆ ನೀರೆ? ನಮ್ಮ ಅವ್ವ ಇದಕ್ಕೆ ಮಾತಿನಿಂದ ಉತ್ತರ ಕೊಡಲಿಲ್ಲ. ಅಕ್ಕಿ, ತರಕಾರಿ ತೊಳೆದ ನೀರನ್ನು ದಿನವೂ ತಂದು ತೊಟ್ಟಿಗೆ ಸುರಿದರು. ಕೆರೆಗೆ ಮಾತ್ರ ಬೀಜ ಎಸೆಯಬಾರದು. ತಾವರೆ ಹಬ್ಬಿ ನೀರನ್ನೆಲ್ಲ ಮುಚ್ಚೀತು. ಒಂದು ಮನೆಗೆ ಒಂದು ತೊಟ್ಟಿ ಸಾಕು.

ಉಳಿದ ಮೂರು ಗಿಡಗಳಲ್ಲಿ ಒಂದು ಮನೆಯಲ್ಲಿದೆ. ಎರಡು ಕಾಲೇಜಿನ ಸಿಮೆಂಟು ತೊಟ್ಟಿಯಲ್ಲಿವೆ. ಇನ್ನೂ ಹೂವಾಗಿಲ್ಲ. ಪರೀಕ್ಷೆ ಮುಗಿಸಿ ನಾನು ಹೊರಡುತ್ತೇನೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ತೊಟ್ಟಿ ಬತ್ತಿದರೆ ವರ್ಷದ ಶ್ರಮವೆಲ್ಲ ವ್ಯರ್ಥ. ರಜೆಯಲ್ಲಿ ಊರಿನಲ್ಲೇ ಉಳಿಯುವ ಕಿರಿಯ ಮಿತ್ರರಲ್ಲಿ ನನ್ನದೊಂದೇ ಬಿನ್ನಹ: ಎರಡು ದಿನಕ್ಕೊಂದು ಕೊಡ ನೀರು ಹಾಕಿರಿ. ಹೂವು ಯಾವ ಬಣ್ಣದ್ದೆಂದು ಮುಂದಿನ ಸಂಚಿಕೆಯಲ್ಲಿ ನೀವೇ ಬರೆಯಿರಿ.