ಬೆಳಕಿನ ಸಾಕ್ಷ್ಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಆ ಒಂದು ಅಗುಳೂ ಕೈಗೆ ಸಿಗದಿದ್ದರೆ? ಆಕಾಶದ ಜ್ಯೋತಿಗಳ ಮುಂದೆ ಮಾನವನ ಸ್ಥಿತಿ ಇಂಥದು. ನಕ್ಷತ್ರಗಳ ರಾಸಾಯನಿಕ ರಚನೆಯನ್ನು ಮನುಷ್ಯನು ಎಂದೆಂದಿಗೂ ಅರಿಯಲಾರನೆಂದು ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ ಸಾರಿದರು. ಅವರ ಮಾತಿನಲ್ಲಿ ತರ್ಕವಿತ್ತು. ಆದರೆ ಜ್ಞಾನಕ್ಕೆ ಬೇಲಿ ಹಾಕುವ ಆತುರವೂ ಇತ್ತು.

ಅವರು ತೀರಿಕೊಂಡ ಎರಡೇ ವರ್ಷಗಳಲ್ಲಿ, ಎಂದರೆ 1859ರಲ್ಲಿ, ಆ ಬೇಲಿ ಮುರಿದುಬಿತ್ತು. ಕಾದ ಅನಿಲದಲ್ಲಿರುವ ಪ್ರತಿಯೊಂದು ಧಾತುವೂ ರೋಹಿತದಲ್ಲಿ ತನ್ನದೇ ಆದ ಗೆರೆಗಳನ್ನು ಮೂಡಿಸುತ್ತದೆಂದು ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟರು. ವಸ್ತು ಕೈಗೆ ಬಾರದಿದ್ದರೇನು, ಅದರ ಬೆಳಕು ಕಣ್ಣಿಗೆ ಬಂದಿತ್ತು. ಆ ಬೆಳಕೇ ಸಾಕ್ಷಿ ನುಡಿಯತೊಡಗಿತು.

ಆದರೆ ಸಾಕ್ಷಿಯ ಮಾತನ್ನು ಅರ್ಥಮಾಡಿಕೊಳ್ಳುವುದು ಸುಲಭವಲ್ಲ. ಧಾತುವಿನ ಹೆಸರನ್ನು ತಿಳಿಯುವುದು ಬೇರೆ, ಅದರ ಪ್ರಮಾಣವನ್ನು ಅಳೆಯುವುದು ಬೇರೆ. ಗೆರೆಯ ಗಾಢತೆಯನ್ನು ಉಷ್ಣತೆಯೂ ನಿರ್ಧರಿಸುತ್ತದೆ. ಈ ಸಂಬಂಧಕ್ಕೆ 1920ರಲ್ಲಿ ಸಮೀಕರಣವೊಂದನ್ನು ಒದಗಿಸಿದವರು ಭಾರತದ ಮೇಘನಾದ ಸಹಾ. ಅದನ್ನು ಬಳಸಿ, ನಕ್ಷತ್ರಗಳಲ್ಲಿ ಜಲಜನಕವೇ ಅತ್ಯಧಿಕವೆಂದು ಸಿಸಿಲಿಯಾ ಪೇನ್ ಎಂಬ ತರುಣಿ 1925ರಲ್ಲಿ ಲೆಕ್ಕಹಾಕಿದರು. ಸೂರ್ಯನ ರಚನೆ ಭೂಮಿಯಂತೆಯೇ ಇದೆಯೆಂದು ಅಂದಿನ ವಿದ್ವಾಂಸರು ನಂಬಿದ್ದರು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಆಕ್ಷೇಪಿಸಲು, ಪೇನ್ ತಮ್ಮ ಫಲಿತಾಂಶವನ್ನೇ ಅನುಮಾನಿಸಿ ಬರೆಯಬೇಕಾಯಿತು. 1929ರಲ್ಲಿ ರಸೆಲ್ ತಮ್ಮದೇ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದು, ಪೇನ್ ಅವರ ಲೆಕ್ಕವೇ ಸರಿಯೆಂದು ಒಪ್ಪಿದರು. ಹಿರಿತನಕ್ಕಿಂತ ಅಳತೆ ಹಿರಿದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಂದು ಈ ಅಳತೆಗೋಲು ವಿಶ್ವದ ಬಾಲ್ಯವನ್ನು ಮುಟ್ಟಿದೆ. ವಿಶ್ವವು ಹುಟ್ಟಿದಾಗ ಇದ್ದುದು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂ. ಆಮ್ಲಜನಕ, ಕಬ್ಬಿಣ ಮೊದಲಾದವು ನಕ್ಷತ್ರಗಳ ಒಡಲಲ್ಲಿ ಹಾಗೂ ಅವುಗಳ ಸ್ಫೋಟದಲ್ಲಿ ಹುಟ್ಟಿ ಹರಡಿದವು. ಆದುದರಿಂದ ಒಂದು ಗೆಲಾಕ್ಸಿಯಲ್ಲಿ ಆಮ್ಲಜನಕವೆಷ್ಟಿದೆ ಎಂದು ಅಳೆದರೆ, ಅಲ್ಲಿ ನಕ್ಷತ್ರಗಳು ಎಷ್ಟರಮಟ್ಟಿಗೆ ಬಾಳಿ ಅಳಿದಿವೆಯೆಂದು ಊಹಿಸಬಹುದು. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು, 1310 ಕೋಟಿ ವರ್ಷ ಪಯಣಿಸಿ ಬಂದ ಬೆಳಕಿನಲ್ಲಿ ಆಮ್ಲಜನಕದ ಗೆರೆಗಳನ್ನು ಕಂಡಿತು. ಅವುಗಳಲ್ಲಿ ಮಸುಕಾದ ಗೆರೆಯೊಂದು ಅನಿಲದ ಉಷ್ಣತೆಯನ್ನೇ ತಿಳಿಸುವಂಥದು. ಅದು ದೊರೆತುದರಿಂದ ಪ್ರಮಾಣವನ್ನು ನೇರವಾಗಿ ಅಳೆಯುವುದು ಸಾಧ್ಯವಾಯಿತು. ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬದಿದ್ದ ಕಾಲದ ಗೆಲಾಕ್ಸಿಯೊಂದರಲ್ಲಿ ಆಮ್ಲಜನಕವನ್ನು ಚಿಲಿ ದೇಶದ ಆಲ್ಮಾ ದೂರದರ್ಶಕವು ಗುರುತಿಸಿದ ಸುದ್ದಿ 2025ರಲ್ಲಿ ಪ್ರಕಟವಾಯಿತು. ಅಲ್ಲಿ ಭಾರಧಾತುಗಳು ನಿರೀಕ್ಷೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿದ್ದುವು.

ಇದರಿಂದ ಹಸಿದವನ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಹೊಟ್ಟೆಗೆ ಹಿಟ್ಟು ಬೇಕಾದಂತೆ ಬುದ್ಧಿಗೆ ಸತ್ಯವೂ ಬೇಕು. ಉಸಿರಿನ ಆಮ್ಲಜನಕ, ನೆತ್ತರಿನ ಕಬ್ಬಿಣ ಎಲ್ಲಿಂದ ಬಂದುವೆಂಬುದು ಮಾನವಕುಲದ ವಂಶಚರಿತ್ರೆಯೇ ಅಲ್ಲವೆ? ಅದಕ್ಕಿಂತಲೂ ಹಿರಿದು, ಈ ಶೋಧ ಕಲಿಸುವ ನಡತೆ. ನಿರೀಕ್ಷೆಗೂ ಅಳತೆಗೂ ವಿರೋಧ ಬಂದಾಗ ಪ್ರಾಮಾಣಿಕನು ಅಳತೆಯನ್ನು ಮತ್ತೆ ಪರೀಕ್ಷಿಸುತ್ತಾನೆ. ಅದು ನಿಂತರೆ ತನ್ನ ನಿರೀಕ್ಷೆಯನ್ನು ತಿದ್ದಿಕೊಳ್ಳುತ್ತಾನೆ. ‘ಇದು ಎಂದಿಗೂ ತಿಳಿಯದು’ ಎನ್ನುವ ನಿರಾಶೆಯೂ ‘ನನಗೆ ಮೊದಲೇ ತಿಳಿದಿದೆ’ ಎನ್ನುವ ಅಹಂಕಾರವೂ ಜ್ಞಾನದ ಹಾದಿಗೆ ಸಮಾನ ಶತ್ರುಗಳು. ಇವೆರಡನ್ನೂ ತೊರೆದವನಿಗೆ ಮಸುಕಾದ ಒಂದು ಗೆರೆಯೂ ವಿಶ್ವದ ಕಥೆಯನ್ನು ಹೇಳಬಲ್ಲುದು.