ನೂಲು ಕಡಿದರೆ ಮಗ್ಗ ನಿಲ್ಲಲಿ



ಹೊಸೂರಿನ ಹೆದ್ದಾರಿ ಬದಿಯಲ್ಲಿ ಹತ್ತು ನಿಮಿಷ ನಿಂತು, ಬೆಂಗಳೂರಿನ ಕಡೆ ಹೋಗುವ ಕಾರುಗಳನ್ನು ನೋಡಿ. ಮದುವೆ ಮನೆಯವರದ್ದೋ, ಕಂಪನಿ ಬಾಡಿಗೆಯದ್ದೋ, ತಿರುಪತಿಗೆ ಹೊರಟವರದ್ದೋ, ಒಂದೆರಡು ಇನ್ನೋವಾ ಕಂಡೇ ಕಾಣುತ್ತವೆ. ಓಡಿಸುವ ಡ್ರೈವರಣ್ಣನನ್ನು ಮಾತಿಗೆಳೆದರೆ, "ಟೊಯೊಟಾ ಗಾಡಿ ಸಾರ್, ದಾರೀಲಿ ಕೈಕೊಡಲ್ಲ" ಅನ್ನುತ್ತಾನೆ. ಜಾಹೀರಾತು ನೋಡಿ ಹೇಳುವ ಮಾತಲ್ಲ ಅದು. ವರ್ಷಗಟ್ಟಲೆ ಓಡಿಸಿ ಹೇಳುವ ಮಾತು.

ಈ ಒಳ್ಳೇ ಹೆಸರು ಎಲ್ಲಿಂದ ಬಂತು? "ಜಪಾನಿನವರು ಬುದ್ಧಿವಂತರು, ತಪ್ಪೇ ಮಾಡಲ್ಲ" ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಅವರೂ ತಪ್ಪು ಮಾಡಿದ್ದಾರೆ, ಬೇಕಾದಷ್ಟು ಮಾಡಿದ್ದಾರೆ. ತಪ್ಪು ಕಂಡ ಕೂಡಲೇ ಕೆಲಸ ನಿಲ್ಲಿಸಿ, ಅದನ್ನು ಎಲ್ಲರಿಗೂ ಕಾಣುವಂತೆ ಮಾಡಿದಾಗ ಅವರಿಗೆ ಹೆಸರು ಬಂತು. ಮುಚ್ಚಿಟ್ಟಾಗ ಅದೇ ಹೆಸರು ಕೆಟ್ಟಿತು. ಇದರಲ್ಲಿ ನಮ್ಮ ಶಾಲೆಯ ವಿಜ್ಞಾನದ ಕೋಣೆಗೂ ಒಂದು ಪಾಠವಿದೆ. ಅದಕ್ಕೇ ಈ ಲೇಖನ.

ಕಥೆ ಶುರುವಾಗುವುದು ಕಾರಿನಿಂದಲ್ಲ, ಮಗ್ಗದಿಂದ. ಸಾಕಿಚಿ ಟೊಯೊಡಾ 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಬಡಗಿಯ ಮಗ. ಓದಿದ್ದು ಪ್ರಾಥಮಿಕ ಶಾಲೆಯವರೆಗೆ ಮಾತ್ರ. ಊರಿನ ಹೆಂಗಸರು ಹಗಲಿಡೀ ಮಗ್ಗದ ಮುಂದೆ ಕೂತು ದಣಿಯುವುದನ್ನು ನೋಡಿ, ಮಗ್ಗವನ್ನೇ ಸುಧಾರಿಸಲು ಹೊರಟ. 1891ರಲ್ಲಿ ಒಂದು ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದ. 1896ರ ಹೊತ್ತಿಗೆ ಯಂತ್ರಶಕ್ತಿಯ ಮಗ್ಗ ಮಾಡಿದ. ಅವನ ಹೆಸರು ನಿಂತಿದ್ದು 1924ರ ಸ್ವಯಂಚಾಲಿತ ಮಗ್ಗದಿಂದ.

ಆ ಮಗ್ಗದಲ್ಲಿದ್ದ ಒಂದು ಉಪಾಯ ತುಂಬ ಸರಳ. ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ಬಗೆಯ ನೂಲು ಇರುತ್ತವೆಂದು ನಿಮಗೆ ಗೊತ್ತು. ಹಾಸಿನ ಒಂದೊಂದು ನೂಲಿನ ಮೇಲೂ ಒಂದೊಂದು ತೆಳು ಲೋಹದ ಪಟ್ಟಿ ತೂಗುತ್ತಿರುತ್ತದೆ. ನೂಲು ಬಿಗಿಯಾಗಿ ಇರುವವರೆಗೆ ಪಟ್ಟಿ ಮೇಲೇ ಇರುತ್ತದೆ. ನೂಲು ಕಡಿಯಿತೋ, ಪಟ್ಟಿ ಕೆಳಗೆ ಬೀಳುತ್ತದೆ. ಬಿದ್ದ ಪಟ್ಟಿ ಯಂತ್ರದ ಒಂದು ಭಾಗವನ್ನು ತಡೆಯುತ್ತದೆ, ಮಗ್ಗ ನಿಲ್ಲುತ್ತದೆ. ಕರೆಂಟಿನ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಗುರುತ್ವ ಬಲ ಒಂದೇ ಸಾಕು.

ಇದರಿಂದ ಏನಾಯಿತು? ಕಡಿದ ನೂಲಿನ ಮೇಲೇ ನೇಯ್ದು ಗಜಗಟ್ಟಲೆ ಬಟ್ಟೆ ಹಾಳಾಗುವುದು ತಪ್ಪಿತು. ಮಗ್ಗದ ಮುಂದೆ ಕಾವಲು ಕೂರುವ ಕೆಲಸವೂ ಇಲ್ಲದಾಯಿತು. ಒಬ್ಬರೇ ಮೂವತ್ತಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳಬಹುದಾಯಿತು, ನಿಂತ ಮಗ್ಗದ ಹತ್ತಿರ ಹೋದರೆ ಸಾಕಲ್ಲ! ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಹೆಸರಾಂತ ಕಂಪನಿ 1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಂಡಿತು. ಜಗತ್ತಿಗೆಲ್ಲ ನೇಯ್ಗೆ ಯಂತ್ರ ಮಾರುತ್ತಿದ್ದ ದೇಶ, ಬಡಗಿಯ ಮಗನ ಉಪಾಯಕ್ಕೆ ದುಡ್ಡು ಕೊಟ್ಟಿತು.

ಸಾಕಿಚಿಯ ಮಗ ಕೀಚಿರೊ ಟೊಯೊಡಾ ಮಗ್ಗದ ಕಾರ್ಖಾನೆಯಲ್ಲೇ 1933ರಲ್ಲಿ ವಾಹನ ವಿಭಾಗ ಶುರುಮಾಡಿದ. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು. ಆರಂಭ ಚೆನ್ನಾಗಿತ್ತು ಅಂದುಕೊಳ್ಳಬೇಡಿ. 1935ರ ಮೊದಲ ಟ್ರಕ್ಕುಗಳು ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿದ್ದವು. 1950ರಲ್ಲಿ ಕಂಪನಿ ಮುಳುಗುವ ಸ್ಥಿತಿಗೆ ಬಂದು, ಮುಷ್ಕರವಾಗಿ, ಕೀಚಿರೊ ರಾಜೀನಾಮೆ ಕೊಟ್ಟ. 1957ರಲ್ಲಿ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. 1960ರಲ್ಲಿ ಆ ಕಾರಿನ ರಫ್ತನ್ನೇ ನಿಲ್ಲಿಸಬೇಕಾಯಿತು.

ಇಂಥ ಕಂಪನಿ ಮೇಲೆ ಬಂದದ್ದು ಹೇಗೆ? ತಾಯಿಚಿ ಓನೊ ಎಂಬ ಎಂಜಿನಿಯರ್ ಮಗ್ಗದ ಉಪಾಯವನ್ನು ಮನುಷ್ಯರ ಕೆಲಸಕ್ಕೆ ತಂದ. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗ. ಬೋಲ್ಟು ಸರಿಯಾಗಿ ಕೂರಲಿಲ್ಲ, ಬಾಗಿಲು ಹೊಂದುತ್ತಿಲ್ಲ ಎನಿಸಿದರೆ ಯಾವ ಕೆಲಸಗಾರನಾದರೂ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ನಿನ್ನೆ ಸೇರಿದ ಹುಡುಗನಿಗೂ ಕಾರ್ಖಾನೆ ನಿಲ್ಲಿಸುವ ಅಧಿಕಾರ!

ನಿಂತ ಮೇಲೆ "ಯಾರು ಮಾಡಿದ್ದು?" ಎಂದು ಕೇಳುವ ಬದಲು "ಯಾಕೆ ಆಯಿತು?" ಎಂದು ಕೇಳಬೇಕು, ಒಂದು ಸಲವಲ್ಲ, ಐದು ಸಲ. ನಮ್ಮೂರಿನ ಪಂಕ್ಚರ್ ಅಂಗಡಿ ಅಣ್ಣನೂ ಇದನ್ನೇ ಮಾಡುತ್ತಾನೆ. ಟ್ಯೂಬಿಗೆ ಪ್ಯಾಚ್ ಹಾಕಿ ಸುಮ್ಮನಾಗಲ್ಲ. ಟೈರಿನ ಒಳಗೆ ಕೈಯಾಡಿಸಿ ಮುಳ್ಳು ಹುಡುಕುತ್ತಾನೆ. ಮುಳ್ಳು ಅಲ್ಲೇ ಉಳಿದರೆ ನಾಳೆ ಮತ್ತೆ ಪಂಕ್ಚರ್. ಟೈರು ಸವೆದು ತೆಳುವಾದದ್ದರಿಂದ ಮುಳ್ಳು ಸುಲಭವಾಗಿ ಒಳಗೆ ಬಂತು ಅಂದರೆ, "ಟೈರ್ ಬದಲಾಯಿಸಪ್ಪ" ಅನ್ನುತ್ತಾನೆ. ಪ್ಯಾಚಿನಿಂದ ಮುಳ್ಳಿಗೆ, ಮುಳ್ಳಿನಿಂದ ಟೈರಿಗೆ. ಇದೇ ವಿಜ್ಞಾನದ ದಾರಿ.

ಇದೆಲ್ಲ ಜಪಾನಿನ ದೂರದ ಮಾತು ಅಂದುಕೊಳ್ಳಬೇಡಿ. ಕಿರ್ಲೋಸ್ಕರ್ ಸಮೂಹದ ಜೊತೆ ಟೊಯೊಟಾ ಸಮೂಹ 1995ರಲ್ಲಿ ಮೊದಲು ಶುರುಮಾಡಿದ್ದು ಜವಳಿ ಯಂತ್ರದ ಕಂಪನಿ. ಅದು ಇರುವುದು ನಮ್ಮ ಗಡಿಯ ಪಕ್ಕದ ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ. ಜಪಾನಿನಲ್ಲಿ ಆದ ಹಾಗೆ ಇಲ್ಲೂ ಬಟ್ಟೆ ಮೊದಲು, ಕಾರು ಆಮೇಲೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ.

ಹೊಸೂರಿಗೇ ಬಂದರೆ, ಇಲ್ಲಿನ ಟಿವಿಎಸ್ ಕಾರ್ಖಾನೆ ಇನ್ನೊಂದು ಜಪಾನಿ ಕಂಪನಿಯಾದ ಸುಜುಕಿಯ ಜೊತೆ ಸೇರಿ 1984ರಿಂದ ಮೋಟಾರ್ ಸೈಕಲ್ ಮಾಡಿತು. ಸುಜುಕಿ ಕೂಡ 1909ರಲ್ಲಿ ಮಗ್ಗದ ಕಾರ್ಖಾನೆಯಾಗಿ ಹುಟ್ಟಿದ ಕಂಪನಿಯೇ. 2001ರಲ್ಲಿ ಇಬ್ಬರೂ ಬೇರೆಯಾದರು. ಮರುವರ್ಷವೇ, 2002ರಲ್ಲಿ, ಟಿವಿಎಸ್ ಮೋಟಾರ್‌ಗೆ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. ಟೊಯೊಟಾಗೆ 1965ರಲ್ಲಿ ಬಂದಿದ್ದ ಪ್ರಶಸ್ತಿಯೇ ಅದು. ಡೆಮಿಂಗ್ ಅಮೆರಿಕದ ಸಂಖ್ಯಾಶಾಸ್ತ್ರಜ್ಞ. 1950ರಲ್ಲಿ ಜಪಾನಿಗೆ ಹೋಗಿ ಪಾಠ ಮಾಡಿದ. ಕೊನೆಯಲ್ಲಿ ಪರೀಕ್ಷಿಸಿ ಕೆಟ್ಟದ್ದನ್ನು ಬಿಸಾಡಿದರೆ ಗುಣಮಟ್ಟ ಬರುವುದಿಲ್ಲ, ಕೆಲಸ ನಡೆಯುವಾಗಲೇ ಅಳತೆ ಮಾಡಿ ಕಾರಣ ಹುಡುಕಬೇಕು ಎಂಬುದು ಅವನ ಪಾಠದ ತಿರುಳು. ಗುಣಮಟ್ಟ ಎನ್ನುವುದು ಯಾವುದೋ ಒಂದು ಜನಾಂಗದ ರಕ್ತದಲ್ಲಿ ಬರುವುದಲ್ಲ, ಕಲಿತರೆ ಬರುವ ಅಭ್ಯಾಸ ಎಂಬುದಕ್ಕೆ ನಮ್ಮ ಹೊಸೂರೇ ಸಾಕ್ಷಿ.

ಅಭ್ಯಾಸ ಆದ್ದರಿಂದ ತಪ್ಪಿಹೋಗಲೂಬಹುದು. 2009–10ರಲ್ಲಿ ಟೊಯೊಟಾ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ದೂರು ಎದ್ದಿತು. ಕಾಲಡಿಯ ಮ್ಯಾಟ್ ಆಕ್ಸಿಲರೇಟರಿಗೆ ಸಿಕ್ಕಿಕೊಳ್ಳುವುದು, ಪೆಡಲ್ ಒತ್ತಿದ ಮೇಲೆ ಸರಿಯಾಗಿ ಮೇಲೆ ಬಾರದಿರುವುದು ಕಾರಣ ಎಂದಾಯಿತು. ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿಕೊಂಡರು. ಎಲೆಕ್ಟ್ರಾನಿಕ್ ದೋಷವೂ ಇರಬಹುದೆಂಬ ಅನುಮಾನಕ್ಕೆ ನಾಸಾ ಎಂಜಿನಿಯರುಗಳೇ ಪರೀಕ್ಷೆ ನಡೆಸಿದರು. 2011ರಲ್ಲಿ ಅಂಥ ದೋಷ ಸಿಗಲಿಲ್ಲ ಎಂದು ವರದಿಯಾಯಿತು. ಆದರೆ ಕಂಪನಿಯನ್ನು ಹೆಚ್ಚು ಕಾಡಿದ್ದು ಮ್ಯಾಟು, ಪೆಡಲಲ್ಲ. ಗೊತ್ತಿದ್ದ ವಿಷಯವನ್ನು ಜನರಿಂದ ಮರೆಮಾಚಿದ್ದಕ್ಕೆ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅದಕ್ಕೂ ಮೊದಲೇ, 2010ರ ಫೆಬ್ರವರಿಯಲ್ಲಿ, ಕೀಚಿರೊನ ಮೊಮ್ಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕ್ಷಮೆ ಕೇಳಿದ್ದರು. ಕಂಪನಿ ಬೆಳೆದ ವೇಗ ಅತಿಯಾಯಿತು ಎಂದು ಒಪ್ಪಿಕೊಂಡರು.

2023ರಲ್ಲಿ ಇನ್ನೂ ಕೆಟ್ಟದ್ದು ಹೊರಬಂತು. ಪೂರ್ತಿಯಾಗಿ ಟೊಯೊಟಾದ್ದೇ ಆದ ಡೈಹಟ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡಿತ್ತು. 64 ಮಾದರಿಯ ವಾಹನಗಳು ಇದರಲ್ಲಿ ಸೇರಿದ್ದವು. ಡಿಕ್ಕಿ ಆದಾಗ ಸೆನ್ಸರ್ ಗುರುತಿಸಿ ಏರ್‌ಬ್ಯಾಗ್ ಊದಿಸಬೇಕಲ್ಲ? ಕೆಲವು ಪರೀಕ್ಷೆಗಳಲ್ಲಿ ಟೈಮರ್ ಇಟ್ಟು, ಸರಿಯಾದ ಕ್ಷಣಕ್ಕೆ ಅದು ಊದುವಂತೆ ಮಾಡಿದ್ದರು. ಉತ್ತರ ಮೊದಲೇ ಗೊತ್ತು, ಪರೀಕ್ಷೆ ಬರೀ ನಾಟಕ. ಕೊಟ್ಟ ಗಡುವಿಗೆ ಮುಗಿಸಬೇಕೆಂಬ ಒತ್ತಡ, "ಆಗಲ್ಲ" ಎಂದು ಹೇಳಲಾಗದ ವಾತಾವರಣ ಇದಕ್ಕೆ ಕಾರಣ ಎಂದು ತನಿಖೆ ಹೇಳಿತು. ಹಗ್ಗವನ್ನು ಕಂಡುಹಿಡಿದವರ ಮನೆಯಲ್ಲೇ ಹಗ್ಗ ಎಳೆಯಲು ಹೆದರಿಕೆ!

ಬಿಡದಿಯಲ್ಲೂ 2020ರ ನವೆಂಬರಿನಲ್ಲಿ ಮುಷ್ಕರ, ಬೀಗಮುದ್ರೆ ನಡೆದು, ಮರುವರ್ಷದ ಮಾರ್ಚಿನವರೆಗೂ ಜಗಳ ಎಳೆಯಿತು. ಕೆಲಸದ ಹೊರೆ ಅತಿಯಾಗಿದೆ ಎಂದು ಕಾರ್ಮಿಕ ಸಂಘ ಹೇಳಿತು. ಇದು ಅಶಿಸ್ತು ಎಂದು ಕಂಪನಿ ಹೇಳಿತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಆದರೆ ಬೋಲ್ಟಿನ ತೊಂದರೆಗೆ ಹಗ್ಗ ಇದ್ದ ಮೇಲೆ, ಮನುಷ್ಯನ ತೊಂದರೆ ಹೇಳಿಕೊಳ್ಳುವುದಕ್ಕೂ ಒಂದು ಹಗ್ಗ ಇರಲೇಬೇಕು.

ಈಗ ನಮ್ಮ ಶಾಲೆಗೆ ಬರೋಣ. ಹತ್ತನೇ ತರಗತಿಯ ಪ್ರಯೋಗದಲ್ಲಿ ಪೀನ ಮಸೂರದ ಸಂಗಮದೂರ ಕಂಡುಹಿಡಿಯಬೇಕು. ಉತ್ತರ 10 ಸೆಂಟಿಮೀಟರ್ ಎಂದು ಮೊದಲೇ ನಿಮಗೆ ಗೊತ್ತಿರುತ್ತದೆ. ವಸ್ತುವಿನ ದೂರ 15 ಆದರೆ ಬಿಂಬದ ದೂರ 30, 20 ಆದರೆ 20. ಸೂತ್ರದಿಂದ ಹಿಂದುಮುಂದಾಗಿ ಲೆಕ್ಕ ಹಾಕಿ ಪಟ್ಟಿ ತುಂಬುತ್ತೀರಿ. ಮೇಣದ ಬತ್ತಿ ಹಚ್ಚಿದ್ದೂ ಇಲ್ಲ, ಪರದೆ ಸರಿಸಿದ್ದೂ ಇಲ್ಲ. ಮೂವತ್ತು ಜನರ ರೆಕಾರ್ಡ್ ಪುಸ್ತಕದಲ್ಲೂ ಅದೇ ಅಂಕಿ. ಇದು ಏರ್‌ಬ್ಯಾಗಿಗೆ ಟೈಮರ್ ಇಟ್ಟ ಹಾಗೇ ಅಲ್ಲವೇ?

ನಿಮ್ಮನ್ನೇ ದೂರುತ್ತಿಲ್ಲ. ಅಂಥ ಪಟ್ಟಿಗಳಿಗೆ ಕೆಂಪು ಶಾಯಿಯಲ್ಲಿ ಟಿಕ್ ಹಾಕಿ ಸಹಿ ಮಾಡಿದವನು ನಾನೂ ಹೌದು. ಒಮ್ಮೆ ಒಬ್ಬ ಹುಡುಗಿ ನಿಜವಾಗಿ ಅಳೆದು, 33 ಎಂದು ಬರೆದು ತಂದಳು. "ತಪ್ಪಮ್ಮಾ, 30 ಬರಬೇಕು, ಪಕ್ಕದವರದ್ದು ನೋಡ್ಕೋ" ಅಂದುಬಿಟ್ಟೆ. ಅವಳು ಹಗ್ಗ ಎಳೆದಿದ್ದಳು. ನಾನು ಅವಳ ಕೈ ಬಿಡಿಸಿದೆ. ಆಮೇಲೆ ಸಂಜೆ ಅಳೆದು ನೋಡಿದರೆ, ಆ ಮಸೂರದ ಸಂಗಮದೂರ ಹತ್ತಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಇಡೀ ತರಗತಿಯಲ್ಲಿ ಸರಿ ಬರೆದವಳು ಅವಳೊಬ್ಬಳೇ.

"ಸಾರ್, ಹಾಗೆಲ್ಲ ಬರೆದ್ರೆ ಮಾರ್ಕ್ಸ್ ಹೋಗುತ್ತೆ" ಅನ್ನುತ್ತೀರಿ. ನಿಮ್ಮ ಹೆದರಿಕೆ ಸುಳ್ಳಲ್ಲ. ಅದಕ್ಕೇ ನಮ್ಮ ಶಿಕ್ಷಕ ಮಿತ್ರರಿಗೂ ಇಲ್ಲೇ ಒಂದು ಮಾತು: ಹಗ್ಗ ಎಳೆದವನಿಗೆ ಬೈಗುಳ ಸಿಕ್ಕರೆ ಮತ್ತೊಬ್ಬ ಎಳೆಯುವುದಿಲ್ಲ. ಅಂದಾಜಿಗೆ ಬಾರದ ಅಳತೆಯನ್ನು ತಂದ ಮಗುವಿಗೆ ಮೊದಲು "ಭೇಷ್" ಅನ್ನೋಣ, ಆಮೇಲೆ "ಯಾಕೆ?" ಅನ್ನೋಣ. ಪರದೆ ಓರೆಯಾಗಿತ್ತೇ? ಬಿಂಬ ಮಸುಕಾಗಿತ್ತೇ? ಸ್ಕೇಲಿನ ತುದಿ ಸವೆದಿತ್ತೇ? ಆ ಹುಡುಕಾಟವೇ ನಿಜವಾದ ಪ್ರಯೋಗ.

ಇನ್ನೊಂದು ವಿಷಯ. ಕನ್ನಡ ಮಾಧ್ಯಮದವರು ಎಂಬ ಸಂಕೋಚದಿಂದ ನಮ್ಮ ಮಕ್ಕಳು ಹೊರಗೆ ಹೋದಾಗ ಬಾಯಿ ಬಿಡುವುದಿಲ್ಲ. ಹೊಸೂರು, ಕೃಷ್ಣಗಿರಿ, ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆಯಿಂದ ನಿಮ್ಮಲ್ಲಿ ಎಷ್ಟೋ ಜನ ಐಟಿಐ, ಡಿಪ್ಲೊಮಾ ಮುಗಿಸಿ ಸಿಪ್ಕಾಟ್ ಕಾರ್ಖಾನೆಗಳಿಗೆ ಹೋಗುತ್ತೀರಿ. ಅಲ್ಲಿ ನೀವು ಕೂರಿಸುವ ಬ್ರೇಕು ಯಾರದೋ ಅಪ್ಪ ಅಮ್ಮನ ಜೀವ ಕಾಯಬೇಕು. "ಇದು ಸರಿಯಿಲ್ಲ" ಎಂದು ಹೇಳುವ ಅಭ್ಯಾಸ ಹದಿನೈದನೇ ವಯಸ್ಸಿನಲ್ಲಿ ಬಾರದಿದ್ದರೆ ಇಪ್ಪತ್ತೈದರಲ್ಲಿ ದಿಢೀರ್ ಅಂತ ಬರುವುದಿಲ್ಲ. ಕೈ ಎತ್ತಲು ಇಂಗ್ಲಿಷ್ ಬೇಕಾಗಿಲ್ಲ. ಸಾಕಿಚಿಗೆ ದೊಡ್ಡ ಶಾಲೆಯೂ ಬೇಕಾಗಲಿಲ್ಲ.

ಆದ್ದರಿಂದ ಈ ತಿಂಗಳು ಒಂದು ಕೆಲಸ ಮಾಡಿ. ರೆಕಾರ್ಡ್ ಪುಸ್ತಕದ ಕೊನೆಯ ಪುಟಕ್ಕೆ "ಸರಿಹೋಗದ ಅಳತೆಗಳು" ಎಂದು ತಲೆಬರಹ ಕೊಡಿ. ನೀವೇ ಅಳೆದದ್ದನ್ನು ಇದ್ದ ಹಾಗೇ ಅಲ್ಲಿ ಬರೆಯಿರಿ, ಪಕ್ಕದಲ್ಲಿ "ಯಾಕೆ?" ಎಂದು ಹಾಕಿ, ಉತ್ತರ ಹುಡುಕಿ. ಸಿಗದಿದ್ದರೆ ನಿಮ್ಮ ಮೇಷ್ಟ್ರ ಹತ್ತಿರ ತನ್ನಿ. ಅವರಿಗೂ ಗೊತ್ತಾಗದಿದ್ದರೆ ಇಬ್ಬರೂ ಸೇರಿ ಮತ್ತೊಮ್ಮೆ ಮೇಣದ ಬತ್ತಿ ಹಚ್ಚಿ.

ನೂಲು ಕಡಿಯುವುದು ತಪ್ಪಲ್ಲ. ಕಡಿದದ್ದು ಗೊತ್ತಿದ್ದೂ ನೇಯುತ್ತಾ ಹೋಗುವುದು ತಪ್ಪು.