ಹೊರಹೋಗುವ ದತ್ತಾಂಶದ ಜಕಾತಿ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ತಾಂಬಾದಂಥ ಗ್ರಾಮದ ರೈತನು ತನ್ನ ಹೊಲದ ಉತಾರಕ್ಕಾಗಿ ತಲಾಠಿಯ ಅನುಕೂಲವನ್ನು ಕಾದು ದಿನಗಳೆಯುತ್ತಿದ್ದ ಕಾಲವೊಂದಿತ್ತು; 'ಭೂಮಿ' ಯೋಜನೆಯು ಈ ಶತಮಾನದ ಆರಂಭದಲ್ಲಿ ರಾಜ್ಯದ ತಾಲೂಕುಗಳಿಗೆಲ್ಲ ವ್ಯಾಪಿಸಿ, ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೇರಿಸಿದ ತರುವಾಯ ಆ ಕಾಯುವಿಕೆ ಬಹುಮಟ್ಟಿಗೆ ನಿಂತು, ಇಂದು ಅದೇ ಉತಾರವು ಮೊಬೈಲಿನ ತೆರೆಯ ಮೇಲೆಯೇ ಮೂಡುತ್ತಿದೆ. ಸರ್ಕಾರಕ್ಕೆ ತನ್ನದೇ ಆದ ದತ್ತಾಂಶ ಕೇಂದ್ರವಿದೆ. ಆದರೆ ಅಂಥ ಸೌಕರ್ಯವಿಲ್ಲದ ಕಾಲೇಜು, ಸಹಕಾರಿ ಸಂಘ, ಮಠ, ಸಂಶೋಧನ ಸಂಸ್ಥೆಗಳೂ, 2013ರಲ್ಲಿ ಕೇಂದ್ರ ಸರ್ಕಾರವು 'ಮೇಘರಾಜ' ಎಂಬ ಕ್ಲೌಡ್ ನೀತಿಯನ್ನು ಪ್ರಕಟಿಸಿದಂದಿನಿಂದ ಅನೇಕ ಇಲಾಖೆಗಳೂ, ಖಾಸಗಿ ಕಂಪನಿಗಳ ಕ್ಲೌಡ್ ಸೇವೆಯನ್ನು ಬಾಡಿಗೆಗೆ ಹಿಡಿಯತೊಡಗಿವೆ. ಹಾಗೆ ಹಿಡಿಯುವವರು ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವಾಗ ಸಾಮಾನ್ಯವಾಗಿ ತಪ್ಪಾದ ಸಾಲನ್ನೇ ಓದುತ್ತಾರೆಂಬುದು ನನ್ನ ಅಭಿಪ್ರಾಯ.

ಅವರು ನೋಡುವುದು ಸಂಗ್ರಹಣೆಯ ಬೆಲೆಯನ್ನು. ನೋಡಬೇಕಾದುದು ಹೊರಸಾಗಣೆಯ ಬೆಲೆಯನ್ನು. ನಮ್ಮ ಊರುಗಳ ಹೊರವಲಯದಲ್ಲಿ ಒಂದಾನೊಂದು ಕಾಲದಲ್ಲಿದ್ದ ಜಕಾತಿ ನಾಕೆಗಳನ್ನು ಹಿರಿಯರು ಮರೆತಿರಲಾರರು; ಪೇಟೆಯ ಒಳಗೆ ಬರುವ ಸರಕಿನ ಮೇಲೆ ಸುಂಕವೆತ್ತುತ್ತಿದ್ದ ಆ ಪದ್ಧತಿಯನ್ನು ಕರ್ನಾಟಕವು 1979ರಲ್ಲಿ ರದ್ದುಗೊಳಿಸಿ ಪ್ರವೇಶ ತೆರಿಗೆಯನ್ನು ತಂದಿತು. ಕ್ಲೌಡಿನ ನಾಕೆಯಾದರೋ ತಿರುಗುಮುರುಗಾದುದು. ಎಷ್ಟು ದತ್ತಾಂಶವನ್ನಾದರೂ ಒಳಗೆ ತುಂಬಿರಿ, ಕಾಸಿನ ಸುಂಕವಿಲ್ಲ. ನಿಮ್ಮದೇ ವಸ್ತುವನ್ನು ನಿಮ್ಮದೇ ಓದುಗನಿಗೆ ಕಳುಹಿಸಹೊರಟಾಗ ಪ್ರತಿಯೊಂದು ಜಿಬಿಗೂ ಲೆಕ್ಕವೇಳುತ್ತದೆ.

ವಿಜಯಪುರಕ್ಕೆ ಸಹಜವಾದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಾಳೆಗರಿಗಳಿಂದ ವಚನಗಳನ್ನು ಹೆಕ್ಕಿ, ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದ ಫ.ಗು. ಹಳಕಟ್ಟಿಯವರ ಊರಿನಲ್ಲಿ ಯಾವುದೋ ಒಂದು ಸಂಸ್ಥೆಯು ವಚನಗಾಯನದ ಧ್ವನಿಮುದ್ರಣಗಳನ್ನೂ ಹಸ್ತಪ್ರತಿಗಳ ಚಿತ್ರಗಳನ್ನೂ ಒಂದು ಟಿಬಿಯಷ್ಟು ಸಂಗ್ರಹಿಸಿ ಲೋಕಕ್ಕೆ ಉಚಿತವಾಗಿ ತೆರೆದಿಟ್ಟಿತೆನ್ನಿ. ತಿಂಗಳಿಗೆ ಹತ್ತು ಸಾವಿರ ಮಂದಿ ತಲಾ 200 ಎಂಬಿಯಷ್ಟನ್ನು ಇಳಿಸಿಕೊಂಡರೆ ಒಟ್ಟು ಎರಡು ಟಿಬಿ ಹೊರಗೆ ಹೋದಂತಾಯಿತು. ಅಮೆಜಾನಿನ ಮುಂಬಯಿ ಕೇಂದ್ರದಲ್ಲಿ ಆ ಒಂದು ಟಿಬಿಯ ಸಂಗ್ರಹವನ್ನು ಇಟ್ಟುಕೊಳ್ಳುವ ಬಾಡಿಗೆ ತಿಂಗಳಿಗೆ ಸುಮಾರು 25 ಡಾಲರು. ಹೊರಸಾಗಣೆಗಾದರೋ, ಉಚಿತವಾದ ಮೊದಲ 100 ಜಿಬಿಯನ್ನು ಕಳೆದು ಉಳಿದುದಕ್ಕೆ ಜಿಬಿಯೊಂದಕ್ಕೆ 10.93 ಸೆಂಟಿನಂತೆ 200 ಡಾಲರಿಗೂ ಮಿಕ್ಕಿ ತೆರಬೇಕು. ನಮ್ಮ ಹಣದಲ್ಲಿ 17,000 ರೂಪಾಯಿಗೆ ಕಡಿಮೆಯಿಲ್ಲ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಬೇರೆ. ಅಂದರೆ ವಸ್ತುವನ್ನು ಇಡುವುದಕ್ಕಿಂತ ಹಂಚುವುದು ಎಂಟು ಪಟ್ಟು ದುಬಾರಿ. ಸಂಸ್ಥೆಯ ಕೀರ್ತಿ ಹೆಚ್ಚಿದಷ್ಟೂ ಅದರ ಬೊಕ್ಕಸ ಬರಿದಾಗತಕ್ಕ ವಿಚಿತ್ರ ವ್ಯವಸ್ಥೆ ಇದು. ಅದೇ ಅಮೆಜಾನು ಅಮೆರಿಕದ ವರ್ಜೀನಿಯಾದಿಂದ ಕಳುಹಿಸಿದರೆ ಕೇಳುವುದು 9 ಸೆಂಟು ಮಾತ್ರ. ಸಪ್ತಸಾಗರದಾಚೆಯಿಂದ ಬರುವುದು ಅಗ್ಗವಾಗಿ, ಒಂದು ಕಾಲಕ್ಕೆ ನಮ್ಮನ್ನಾಳಿದ ಪ್ರಾಂತ್ಯದ ರಾಜಧಾನಿಯಿಂದ ಬರುವುದು ತುಟ್ಟಿಯಾಗುವ ನ್ಯಾಯವನ್ನು ನಾನು ಇನ್ನೂ ಅರಿಯದವನು.

ಮೈಕ್ರೋಸಾಫ್ಟಿನ ಅಜೂರ್ ಹಾಗೂ ಗೂಗಲ್ ಕ್ಲೌಡ್‌ಗಳ ಪ್ರಕಟಿತ ದರಗಳು ಸುಮಾರು 12 ಸೆಂಟಿನ ಆಸುಪಾಸಿನಲ್ಲಿದ್ದು, ಈ ಮೂವರ ನಡುವಣ ಅಂತರವು ಚೌಕಾಶಿಗೂ ಸಾಲದಷ್ಟು ಅಲ್ಪ. ನಿಜವಾದ ಅಂತರ ಕಾಣುವುದು ಬೇರೆಡೆಯಲ್ಲಿ. ಒರಾಕಲ್ ಕಂಪನಿಯು ತಿಂಗಳಿಗೆ ಹತ್ತು ಟಿಬಿಯವರೆಗೆ ಹೊರಸಾಗಣೆಗೆ ಏನನ್ನೂ ಕೇಳುವುದಿಲ್ಲವಾದುದರಿಂದ ಮೇಲಣ ಲೆಕ್ಕವು ಅಲ್ಲಿ ಸೊನ್ನೆ. 2022ರಲ್ಲಿ ಸರ್ವರಿಗೂ ತೆರೆದ ಕ್ಲೌಡ್‌ಫ್ಲೇರ್‌ನ 'ಆರ್ 2' ಸಂಗ್ರಹದಲ್ಲಿಯೂ ಸಾಗಣೆಯ ಶುಲ್ಕವಿಲ್ಲ, ಸಂಗ್ರಹಣೆಯ ಬಾಡಿಗೆಯಲ್ಲದೆ ಕೋರಿಕೆಗಳ ಎಣಿಕೆಯ ಮೇಲೆ ಚಿಲ್ಲರೆ ಶುಲ್ಕವುಂಟು. ಇಷ್ಟರಿಂದಲೇ ಎಲ್ಲರೂ ಅತ್ತ ಓಡತಕ್ಕದ್ದೆಂದು ನಾನು ಹೇಳಲಾರೆ. ಇಂದಿನ ಸೊನ್ನೆ ನಾಳೆಯೂ ಸೊನ್ನೆಯಾಗಿಯೇ ಇರುವುದೆಂಬ ಭರವಸೆಯನ್ನು ಯಾವ ವರ್ತಕನೂ ಕೊಡುವುದಿಲ್ಲ, ಮೇಲಾಗಿ ಆಯಾ ವ್ಯವಸ್ಥೆಯನ್ನು ಬಲ್ಲ ತಂತ್ರಜ್ಞರು ನಮ್ಮ ಭಾಗದಲ್ಲಿ ದೊರೆಯಬೇಕಲ್ಲ. ಆದರೆ ಒಬ್ಬರು ಸೊನ್ನೆಗೆ ಮಾಡಬಲ್ಲ ಕೆಲಸಕ್ಕೆ ಇನ್ನೊಬ್ಬರು ಹನ್ನೆರಡು ಸೆಂಟು ಕೇಳುವಾಗ, ಆ ಹನ್ನೆರಡು ಸೆಂಟು ತಂತಿ-ಯಂತ್ರಗಳ ವೆಚ್ಚವೆಂಬ ಸಮಾಧಾನವನ್ನು ನಂಬುವುದು ಕಷ್ಟ. ತಂತಿಗೆ ಒಳಬರುವುದೂ ಹೊರಹೋಗುವುದೂ ಒಂದೇ ಭಾರ. ಈ ಸುಂಕದ ಯಥಾರ್ಥ ಉದ್ದೇಶ ಗಿರಾಕಿಯು ಬೇರೊಬ್ಬರ ಬಳಿಗೆ ಹೋಗದಂತೆ ತಡೆಯುವುದು.

ಈ ಮಾತನ್ನು ಯುರೋಪಿನ ಶಾಸನಕರ್ತರು ನಮಗಿಂತ ಮುಂಚೆ ಮನಗಂಡರು. ಅವರ ದತ್ತಾಂಶ ಅಧಿನಿಯಮವು 2025ರ ಸೆಪ್ಟೆಂಬರಿನಿಂದ ಅನ್ವಯವಾಗಿ, ಒಬ್ಬ ಸೇವಾದಾತನಿಂದ ಇನ್ನೊಬ್ಬನಿಗೆ ವರ್ಗಾವಣೆ ಹೊಂದುವವನಿಂದ ಶುಲ್ಕ ಪಡೆಯುವುದನ್ನು 2027ರ ಜನವರಿಯಿಂದ ಸಂಪೂರ್ಣವಾಗಿ ನಿಷೇಧಿಸುತ್ತದೆ. ಅದರ ಬಿಸಿ ತಾಗಿಯೋ ಏನೋ, 2024ರ ಮೊದಲ ಮೂರು ತಿಂಗಳುಗಳಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ ಒಬ್ಬರ ಹಿಂದೊಬ್ಬರು ನಿರ್ಗಮನ ಶುಲ್ಕವನ್ನು ಬಿಟ್ಟುಕೊಟ್ಟರು. ಆದರೆ ಈ ಔದಾರ್ಯವು ಮನೆಯನ್ನೇ ಖಾಲಿಮಾಡಿ ಹೊರಡುವವನಿಗೆ ಸಂದದ್ದೇ ಹೊರತು, ದಿನನಿತ್ಯ ಓದುಗರಿಗೆ ಪುಟಗಳನ್ನು ಕಳುಹಿಸುತ್ತ ಉಳಿಯುವವನಿಗಲ್ಲ. ನಮ್ಮಲ್ಲಿಯಾದರೋ, ವ್ಯಕ್ತಿಯು ತನ್ನ ದತ್ತಾಂಶವನ್ನು ಒಯ್ಯುವ ಹಕ್ಕು 2019ರ ಮಸೂದೆಯಲ್ಲಿದ್ದುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ಬರುವಷ್ಟರಲ್ಲಿ ಕಣ್ಮರೆಯಾಯಿತು.

ಕಾಯಿದೆಗಾಗಿ ಕಾಯದೆಯೇ ಮಾಡಬಹುದಾದ ಕೆಲಸವೊಂದಿದೆ. ಸಾರ್ವಜನಿಕ ಹಣದಿಂದ ಕ್ಲೌಡ್ ಸೇವೆಗೆ ಟೆಂಡರ್ ಕರೆಯುವ ಪ್ರತಿಯೊಂದು ಇಲಾಖೆಯೂ ವಿಶ್ವವಿದ್ಯಾಲಯವೂ ಸಂಗ್ರಹಣೆಯ ದರದೊಡನೆ ಹೊರಸಾಗಣೆಯ ದರವನ್ನೂ, ಸೇವಾದಾತನದೇ ಕೇಂದ್ರಗಳ ನಡುವೆ ದತ್ತಾಂಶ ಓಡಾಡಿದಾಗ ಗುಟ್ಟಾಗಿ ಬೀಳುವ ಒಂದೊಂದು ಸೆಂಟನ್ನೂ, ಕರಾರು ಮುಗಿದಾಗ ಎಲ್ಲವನ್ನೂ ಒಯ್ಯಲು ತಗಲುವ ವೆಚ್ಚವನ್ನೂ ಲಿಖಿತವಾಗಿ ಪಡೆದು, ನಾಲ್ಕನ್ನೂ ಕೂಡಿಸಿದ ಮೊತ್ತದ ಮೇಲೆ ಬಿಡ್ಡುಗಳನ್ನು ತೂಗಲಿ. ನಿರ್ಗಮನ ಶುಲ್ಕವಿಲ್ಲವೆಂಬ ವಾಕ್ಯವಿಲ್ಲದ ಕರಾರಿಗೆ ರಾಜ್ಯದ ಇ-ಆಡಳಿತ ಇಲಾಖೆಯು ಅನುಮೋದನೆಯನ್ನೇ ಕೊಡದಿರಲಿ.